ಬಹುರಾಷ್ಟ್ರಗಳ ಏಕವಾಕ್ಯತೆ: ಐರೋಪ್ಯ ಒಕ್ಕೂಟದಲ್ಲಿ ಪರರಾಷ್ಟ್ರನೀತಿಯ ಸಮನ್ವಯ

ಅನೇಕ ಪದಗಳು ಸೇರಿ ಒಂದು ವಾಕ್ಯವಾಗಬೇಕಾದರೆ ಅವುಗಳೆಲ್ಲಕ್ಕೂ ಪ್ರಯೋಜನವು ಒಂದೇ ಆಗಿರಬೇಕೆಂದೂ, ಬೇರ್ಪಡಿಸಿದಾಗ ಒಂದೊಂದು ಪದವೂ ಮತ್ತೊಂದನ್ನು ಅಪೇಕ್ಷಿಸುತ್ತಿರಬೇಕೆಂದೂ ಮೀಮಾಂಸಕರು ನಿರ್ಣಯಿಸಿರುವರು. ಇದಕ್ಕೆ ಏಕವಾಕ್ಯತೆಯೆಂದು ಹೆಸರು. ಪದಗಳು ತಮ್ಮ ತಮ್ಮ ಅರ್ಥವನ್ನು ಬಿಟ್ಟುಕೊಡುವುದಿಲ್ಲ. ಆದರೂ ಕೂಡಿ ನಿಂತಾಗ ಹೊರಡುವ ತಾತ್ಪರ್ಯವು ಒಂದೇ. ರಾಷ್ಟ್ರಗಳ ವಿಷಯದಲ್ಲಿಯೂ ಇಂಥದೊಂದು ಏಕವಾಕ್ಯತೆಯು ಸಾಧ್ಯವೇ? ಸ್ವತಂತ್ರ ರಾಷ್ಟ್ರಗಳು ತಮ್ಮ ಸ್ವಾತಂತ್ರ್ಯವನ್ನು ಉಳಿಸಿಕೊಂಡೇ ಹೊರಗಿನ ಲೋಕದೊಡನೆ ಒಂದೇ ಮಾತನ್ನಾಡಬಲ್ಲವೇ?

ಪ್ರಾಚೀನ ರಾಜನೀತಿಯ ಮತವು ಮೇಲುನೋಟಕ್ಕೆ ಇದಕ್ಕೆ ಅನುಕೂಲವಾಗಿಲ್ಲ. ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮಂಡಲವಿಚಾರದಲ್ಲಿ ನೆರೆಯ ರಾಜನು ಸ್ವಭಾವತಃ ಅರಿ; ಅವನಿಂದಾಚೆಯವನು ಮಿತ್ರ. ಆದರೆ ಅದೇ ಗ್ರಂಥದ ಹನ್ನೊಂದನೆಯ ಅಧಿಕರಣವಾದ ಸಂಘವೃತ್ತದಲ್ಲಿ ಗಣಸಂಘಗಳ ವಿಚಾರವೂ ಉಂಟು. ಒಗ್ಗಟ್ಟಾಗಿರುವ ಸಂಘವನ್ನು ಪರರು ಜಯಿಸಲಾರರೆಂದೂ, ಅದರೊಳಗೆ ಭೇದವನ್ನು ಹುಟ್ಟಿಸುವುದೇ ಅದನ್ನು ವಶಪಡಿಸಿಕೊಳ್ಳುವ ಮಾರ್ಗವೆಂದೂ ಅಲ್ಲಿಯ ಅಭಿಪ್ರಾಯ. ೧೮೭೦, ೧೯೧೪, ೧೯೩೯ ಹೀಗೆ ಮೂರು ಸಲ ಕಾದಾಡಿದ ನೆರೆಹೊರೆಯ ಫ್ರಾನ್ಸು ಜರ್ಮನಿಗಳು ಇಂದು ಒಂದೇ ಸಂಘದಲ್ಲಿ ಕುಳಿತಿರುವುದರಿಂದ ಮಂಡಲನ್ಯಾಯವು ಅಲ್ಲಿ ಬಾಧಿತವಾಗಿದೆಯೆನ್ನಬಹುದು. ಸಂಘವೃತ್ತದ ನ್ಯಾಯವಾದರೋ ಬಾಧಿತವಾಗಿಲ್ಲ. ಇಪ್ಪತ್ತೇಳು ರಾಷ್ಟ್ರಗಳ ಐರೋಪ್ಯ ಒಕ್ಕೂಟದಲ್ಲಿ ಒಂದು ರಾಷ್ಟ್ರವು ಒಲ್ಲೆನೆಂದರೆ ಉಳಿದ ಇಪ್ಪತ್ತಾರರ ಮಾತು ನಿಂತುಹೋಗುವ ನಿಯಮವು ಇಂದಿಗೂ ಪರರಾಷ್ಟ್ರನೀತಿಯಲ್ಲಿ ಉಳಿದಿದೆ. ಆದರೂ ಆ ಸಂಘದ ಮಾತು ಲೋಕದಲ್ಲಿ ಕೇಳಿಬರುತ್ತಲೇ ಇದೆ. ಇದು ಹೇಗೆ ಸಾಧ್ಯವಾಯಿತು, ಎಲ್ಲಿ ಮುರಿದುಬಿತ್ತು, ಮುಂದೆ ಯಾವ ಕ್ರಮವು ಉಚಿತ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಪೂರ್ವವೃತ್ತಾಂತ

ಬೆಲ್ಜಿಯಮ್, ಫ್ರಾನ್ಸು, ಪಶ್ಚಿಮ ಜರ್ಮನಿ, ಇಟಲಿ, ಲಕ್ಸೆಂಬರ್ಗು, ನೆದರ್ಲೆಂಡ್ಸು ಎಂಬ ಆರು ರಾಷ್ಟ್ರಗಳು ೧೯೫೨ರಲ್ಲಿ ಏಕಸೈನ್ಯವನ್ನು ಕಟ್ಟುವ ಒಪ್ಪಂದಕ್ಕೆ ರುಜು ಹಾಕಿದವು. ಅದನ್ನು ೧೯೫೪ರ ಆಗಸ್ಟ್ ೩೦ರಂದು ಫ್ರಾನ್ಸಿನ ಪ್ರತಿನಿಧಿಸಭೆಯೇ ತಳ್ಳಿಹಾಕಿತು. ಕತ್ತಿಯಿಂದ ಆರಂಭಿಸುವುದು ಅಸಾಧ್ಯವೆಂದು ತಿಳಿದಮೇಲೆ ಅವು ತಕ್ಕಡಿಯಿಂದ ಆರಂಭಿಸಿದವು. ೧೯೫೭ರ ರೋಮ್ ಒಪ್ಪಂದದಿಂದ ಆರ್ಥಿಕ ಸಮುದಾಯವು ಹುಟ್ಟಿತು. ೧೯೬೮ರ ಜುಲೈ ೧ರ ಹೊತ್ತಿಗೆ ಒಳಗಿನ ಸುಂಕಗಳು ಹೋಗಿ ಹೊರಗಿನವರಿಗೆ ಒಂದೇ ಸುಂಕವು ಏರ್ಪಟ್ಟಿತು. ಸುಂಕವು ಒಂದಾದ ಮೇಲೆ ಒಂದು ರಾಷ್ಟ್ರವು ತಾನೊಬ್ಬನೇ ಪರರೊಡನೆ ವ್ಯಾಪಾರದ ಕರಾರು ಮಾಡಿಕೊಳ್ಳುವುದಕ್ಕೆ ಅವಕಾಶವೇ ಇರಲಿಲ್ಲ. ಆದುದರಿಂದ ವ್ಯಾಪಾರದಲ್ಲಿ ಎಲ್ಲರ ಪರವಾಗಿ ಬ್ರಸೆಲ್ಸ್ ನಗರದ ಆಯೋಗವೇ ಮಾತನಾಡುವುದು ಪದ್ಧತಿಯಾಯಿತು. ಬೇರ್ಪಡಿಸಿದರೆ ಸಾಕಾಂಕ್ಷವಾಗುವ ಪದಗಳ ಸ್ಥಿತಿಯೇ ಇದು.

ಯುದ್ಧ, ಸಂಧಿ, ಮಾನ್ಯತೆ, ಮೈತ್ರಿ ಮುಂತಾದ ವಿಷಯಗಳಲ್ಲಿ ಅಂಥ ಆಕಾಂಕ್ಷೆಯಿರಲಿಲ್ಲ. ಆಳುವವರ ಅಭಿಮಾನವೆಲ್ಲವೂ ಅಲ್ಲಿಯೇ ನೆಲೆಸಿತ್ತು. ೧೯೬೧–೬೨ರಲ್ಲಿ ಫ್ರಾನ್ಸು ಮುಂದಿಟ್ಟ ಫೂಶೆ ಯೋಜನೆಯು ವಿಫಲವಾಯಿತು. ಅನಂತರ ೧೯೭೦ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ ದೇಶದ ಅಧಿಕಾರಿ ಎಟಿಯೆನ್ ದಾವಿನ್ಯೋನನ ನೇತೃತ್ವದಲ್ಲಿ ಸಿದ್ಧವಾದ ವರದಿಯನ್ನು ಮಂತ್ರಿಗಳು ಅಂಗೀಕರಿಸಿದರು. ಅದರ ವಿಧಿಯು ಬಹಳ ಸಣ್ಣದು: ವಿದೇಶಾಂಗ ಮಂತ್ರಿಗಳು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕು, ಅವರ ಇಲಾಖೆಗಳ ಹಿರಿಯ ಅಧಿಕಾರಿಗಳು ಆಗಾಗ್ಗೆ ಸೇರಬೇಕು, ಮುಖ್ಯ ವಿಷಯಗಳಲ್ಲಿ ಒಬ್ಬರನ್ನೊಬ್ಬರು ವಿಚಾರಿಸಬೇಕು. ಒಪ್ಪಲೇಬೇಕೆಂಬ ಕಟ್ಟಳೆಯಿರಲಿಲ್ಲ, ಕೇಳದೆ ನಡೆಯಬಾರದೆಂಬುದು ಮಾತ್ರ ಇತ್ತು. ಇದಕ್ಕೆ ರಾಜಕೀಯ ಸಹಕಾರವೆಂದು ಹೆಸರಾಯಿತು.

ಆ ಕಾಲದಲ್ಲಿ ಇದನ್ನು ವ್ಯಾಪಾರದ ಸಮುದಾಯದಿಂದ ಎಷ್ಟು ದೂರವಿಟ್ಟಿದ್ದರೆಂಬುದಕ್ಕೆ ಒಂದು ನಿದರ್ಶನವು ಪ್ರಸಿದ್ಧವಾಗಿದೆ. ೧೯೭೩ರಲ್ಲಿ ಮಂತ್ರಿಗಳು ಒಂದೇ ದಿನ ಬೆಳಗ್ಗೆ ಕೋಪನ್‌ಹೇಗನ್ನಿನಲ್ಲಿ ರಾಜಕೀಯ ಸಹಕಾರಕ್ಕಾಗಿ ಕೂಡಿ, ವಿಮಾನವನ್ನೇರಿ, ಮಧ್ಯಾಹ್ನ ಬ್ರಸೆಲ್ಸಿನಲ್ಲಿ ಸಮುದಾಯದ ಪರಿಷತ್ತಾಗಿ ಕುಳಿತರು. ಮನುಷ್ಯರು ಅವರೇ, ಪೀಠವು ಬೇರೆ. ಈ ಮಡಿಯು ಕ್ರಮೇಣ ಸಡಿಲವಾಯಿತು. ೧೯೮೭ರಲ್ಲಿ ಜಾರಿಗೆ ಬಂದ ಏಕೈಕ ಐರೋಪ್ಯ ಶಾಸನವು ರಾಜಕೀಯ ಸಹಕಾರಕ್ಕೆ ಒಪ್ಪಂದದ ಆಧಾರವನ್ನು ಕೊಟ್ಟಿತು. ೧೯೯೨ರಲ್ಲಿ ರುಜುವಾಗಿ ೧೯೯೩ರ ನವೆಂಬರಿನಲ್ಲಿ ಜಾರಿಗೆ ಬಂದ ಮಾಸ್ಟ್ರಿಖ್ಟ್ ಒಪ್ಪಂದವು ಅದನ್ನು ಸಮಾನ ವಿದೇಶಾಂಗ ಮತ್ತು ಭದ್ರತಾ ನೀತಿಯೆಂದು ಕರೆಯಿತು. ೧೯೯೯ರ ಆಮ್ಸ್ಟರ್‌ಡ್ಯಾಮ್ ಒಪ್ಪಂದವು ಉನ್ನತ ಪ್ರತಿನಿಧಿಯೆಂಬ ಅಧಿಕಾರಿಯನ್ನು ಸೃಷ್ಟಿಸಿತು. ೨೦೦೯ರ ಡಿಸೆಂಬರ್ ೧ರಂದು ಜಾರಿಗೆ ಬಂದ ಲಿಸ್ಬನ್ ಒಪ್ಪಂದವು ಆ ಅಧಿಕಾರಿಯನ್ನೇ ವಿದೇಶಾಂಗ ಮಂತ್ರಿಗಳ ಪರಿಷತ್ತಿನ ಅಧ್ಯಕ್ಷನನ್ನಾಗಿಯೂ ಆಯೋಗದ ಉಪಾಧ್ಯಕ್ಷನನ್ನಾಗಿಯೂ ಮಾಡಿ, ಅವನ ಕೈಕೆಳಗೆ ಒಕ್ಕೂಟದ ಸ್ವಂತ ರಾಯಭಾರ ಇಲಾಖೆಯನ್ನು ಏರ್ಪಡಿಸಿತು. ಆ ಪೀಠದಲ್ಲಿ ಮೊದಲು ಸೊಲಾನಾ, ಲಿಸ್ಬನ್ ಒಪ್ಪಂದದಿಂದೀಚೆಗೆ ಆಷ್ಟನ್, ಮೊಗೆರಿನಿ, ಬೊರೆಲ್ ಇವರು ಕ್ರಮವಾಗಿ ಕುಳಿತರು. ೨೦೨೪ರ ಡಿಸೆಂಬರಿನಲ್ಲಿ ಎಸ್ಟೋನಿಯಾ ದೇಶದ ಕಾಯಾ ಕಲ್ಲಾಸ್ ಅಧಿಕಾರವನ್ನು ವಹಿಸಿಕೊಂಡರು.

೨. ವಿಚಾರವಿನಿಮಯದ ಕ್ರಮ

ಮಂತ್ರಿಗಳ ಸಭೆಯು ಲೋಕದ ಕಣ್ಣಿಗೆ ಬೀಳುತ್ತದೆ. ಆದರೆ ನಿಜವಾದ ಕಾರ್ಯವು ಅದಕ್ಕೆ ಮೊದಲೇ ನಡೆದಿರುತ್ತದೆ. ಒಂದು ವಿಷಯವು ಹುಟ್ಟಿದಾಗ ಪ್ರತಿಯೊಂದು ರಾಜಧಾನಿಯಲ್ಲಿಯೂ ಆಯಾ ಸರಕಾರವು ಮೊದಲು ತನ್ನೊಳಗೆ ಒಂದು ಮಾತಿಗೆ ಬರಬೇಕು. ಇದರ ಪದ್ಧತಿ ದೇಶದೇಶಕ್ಕೂ ಬೇರೆ. ಫ್ರಾನ್ಸಿನಲ್ಲಿ ಪ್ರಧಾನಮಂತ್ರಿಯ ಅಧೀನದ ಒಂದು ಕಾರ್ಯಾಲಯವು ಯುರೋಪಿನ ವ್ಯವಹಾರಗಳಲ್ಲಿ ಇಲಾಖೆಗಳ ಮಾತನ್ನೆಲ್ಲ ಒಂದುಗೂಡಿಸುತ್ತದೆ. ಜರ್ಮನಿಯಲ್ಲಿ ಪ್ರತಿಯೊಬ್ಬ ಮಂತ್ರಿಗೂ ತನ್ನ ಇಲಾಖೆಯಲ್ಲಿ ಸ್ವತಂತ್ರಾಧಿಕಾರವಿರುವುದರಿಂದ ಒಮ್ಮತವು ನಿಧಾನವಾಗಿ ಬರುವುದುಂಟು. ಡೆನ್ಮಾರ್ಕಿನಲ್ಲಿ ಮಂತ್ರಿಯು ಬ್ರಸೆಲ್ಸಿಗೆ ಹೊರಡುವ ಮೊದಲು ಸಂಸತ್ತಿನ ಯುರೋಪು ಸಮಿತಿಯ ಮುಂದೆ ನಿಂತು ತನ್ನ ನಿಲುವನ್ನು ಹೇಳಬೇಕು. ಬಹುಮತವು ವಿರೋಧಿಸಿದರೆ ಆ ನಿಲುವಿನಿಂದ ಸಂಧಾನಮಾಡುವಂತಿಲ್ಲ. ಹೀಗೆ ಒಳಗಿನ ಸಮನ್ವಯವು ಸಿದ್ಧವಾದಮೇಲೆಯೇ ಹೊರಗಿನ ಸಮನ್ವಯಕ್ಕೆ ಆರಂಭ.

ಬ್ರಸೆಲ್ಸಿನಲ್ಲಿ ಪ್ರದೇಶಕ್ಕೊಂದು, ವಿಷಯಕ್ಕೊಂದು ಎಂಬಂತೆ ಅಧಿಕಾರಿಗಳ ಉಪಸಮಿತಿಗಳಿವೆ. ಅವುಗಳ ಮೇಲೆ ರಾಜಕೀಯ ಮತ್ತು ಭದ್ರತಾ ಸಮಿತಿ. ಅದರಲ್ಲಿ ಪ್ರತಿಯೊಂದು ರಾಷ್ಟ್ರದ ಒಬ್ಬೊಬ್ಬ ರಾಯಭಾರಿಯು ಅಲ್ಲಿಯೇ ನೆಲೆಸಿದ್ದು, ಸಾಧಾರಣವಾಗಿ ವಾರಕ್ಕೆ ಎರಡು ಸಲ ಕೂಡುವನು. ಅಲ್ಲಿ ತೀರದ ವಿಷಯವು ಖಾಯಂ ಪ್ರತಿನಿಧಿಗಳ ಸಮಿತಿಗೂ, ಅಲ್ಲಿಂದ ಮಂತ್ರಿಗಳ ಪರಿಷತ್ತಿಗೂ, ಅಲ್ಲಿಯೂ ತೀರದಿದ್ದರೆ ರಾಷ್ಟ್ರಗಳ ಮುಖ್ಯಸ್ಥರ ಪರಿಷತ್ತಿಗೂ ಹೋಗುವುದು. ಇದಲ್ಲದೆ ಆರು ತಿಂಗಳಿಗೊಮ್ಮೆ ಮಂತ್ರಿಗಳು ಯಾವ ನಿರ್ಣಯದ ಹಂಗೂ ಇಲ್ಲದೆ ಸುಮ್ಮನೆ ಕುಳಿತು ಮಾತನಾಡುವ ಒಂದು ಕೂಟವುಂಟು. ೧೯೭೪ರಲ್ಲಿ ಮೊದಲು ನಡೆದ ಜರ್ಮನಿಯ ಗಿಮ್ನಿಶ್ ಎಂಬ ಕೋಟೆಮನೆಯ ಹೆಸರೇ ಅದಕ್ಕೆ ನಿಂತಿದೆ.

ಈ ಕ್ರಮದಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ೧೯೭೩ರಲ್ಲಿ ವಿದೇಶಾಂಗ ಇಲಾಖೆಗಳನ್ನೆಲ್ಲ ಒಂದು ಟೆಲೆಕ್ಸ್ ತಂತಿಯ ಜಾಲದಿಂದ ಜೋಡಿಸಿದರು. ಒಂದು ಕರಡನ್ನು ಎಲ್ಲರಿಗೂ ಕಳುಹಿಸಿ, ಇಂಥ ಹೊತ್ತಿನೊಳಗೆ ಯಾರೂ ಆಕ್ಷೇಪಿಸದಿದ್ದರೆ ಅದು ಅಂಗೀಕೃತವಾಯಿತೆಂದು ತಿಳಿಯುವ ವಾಡಿಕೆ ಬೆಳೆಯಿತು. ಮೌನವು ಸಮ್ಮತಿಯ ಲಕ್ಷಣವೆಂಬ ನಮ್ಮ ಲೋಕೋಕ್ತಿಯು ಅಲ್ಲಿ ಕಾರ್ಯಾಲಯದ ವಿಧಿಯೇ ಆಗಿದೆ. ಇದರ ಪರಿಣಾಮವು ಸೂಕ್ಷ್ಮವಾದುದು. ಮತ ಹಾಕಿ ಎಂದರೆ ಒಂದು ಸಣ್ಣ ರಾಷ್ಟ್ರವು ಪ್ರತಿಯೊಂದು ವಿಷಯದಲ್ಲಿಯೂ ತನ್ನ ಪಕ್ಷವನ್ನು ಪ್ರಕಟವಾಗಿ ಹೇಳಬೇಕಾಗುವುದು. ಮೌನದ ಪದ್ಧತಿಯಲ್ಲಿ ವಿರೋಧಿಸುವವನೇ ಎದ್ದುನಿಂತು ಕಾರಣವನ್ನು ಹೇಳಬೇಕು. ದಿನವೂ ಎದುರೆದುರು ಕೂಡುವವರಲ್ಲಿ ಕಾರಣವಿಲ್ಲದೆ ಹಾಗೆ ಎದ್ದುನಿಲ್ಲುವುದು ಸುಲಭವಲ್ಲ. ಶಾಬ್ದಬೋಧಕ್ಕೆ ಸನ್ನಿಧಿಯು ಎಷ್ಟು ಆವಶ್ಯಕವೋ ಇಲ್ಲಿಯೂ ಅಷ್ಟೇ.

೩. ಕೇಳುವ ಕಟ್ಟಳೆಯೂ ಸ್ವಾತಂತ್ರ್ಯವೂ

ಕೇವಲ ಕೇಳುವುದಾಗಿ ಮಾತುಕೊಟ್ಟರೆ ರಾಷ್ಟ್ರದ ಸ್ವಾತಂತ್ರ್ಯಕ್ಕೆ ಕುಂದುಂಟಾಗುವುದೇ? ಈ ಪ್ರಶ್ನೆಯನ್ನು ನ್ಯಾಯಸ್ಥಾನವೇ ವಿಚಾರಿಸಿದ ಒಂದು ಪ್ರಸಂಗವುಂಟು. ಏಕೈಕ ಐರೋಪ್ಯ ಶಾಸನಕ್ಕೆ ಐರ್ಲೆಂಡಿನ ಸರಕಾರವು ಜನರನ್ನು ಕೇಳದೆ ಒಪ್ಪಿಗೆ ಕೊಡುವುದು ರಾಜ್ಯಾಂಗಕ್ಕೆ ವಿರುದ್ಧವೆಂದು ಅರ್ಥಶಾಸ್ತ್ರಜ್ಞ ರೇಮಂಡ್ ಕ್ರಾಟಿ ದಾವೆ ಹೂಡಿದನು. ಒಪ್ಪಂದದ ಆ ಭಾಗವು ವಿಚಾರವಿನಿಮಯವನ್ನು ಮಾತ್ರ ವಿಧಿಸುತ್ತದೆ, ನಿರ್ಣಯದ ಸ್ವಾತಂತ್ರ್ಯವು ಉಳಿದೇ ಇದೆ ಎಂಬುದು ಸರಕಾರದ ವಾದ. ೧೯೮೭ರ ಏಪ್ರಿಲಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಸ್ಥಾನವು ಬಹುಮತದಿಂದ ಕ್ರಾಟಿಯ ಪಕ್ಷವನ್ನೇ ಎತ್ತಿಹಿಡಿಯಿತು. ಪರರ ಅಭಿಪ್ರಾಯವನ್ನು ಗಣನೆಗೆ ತಂದುಕೊಳ್ಳುವೆನೆಂದು ಮುಂದಾಗಿಯೇ ಕಟ್ಟುಬೀಳುವುದರಿಂದ ಪರರಾಷ್ಟ್ರನೀತಿಯನ್ನು ಸ್ವೇಚ್ಛೆಯಿಂದ ನಡಸುವ ಅಧಿಕಾರವು ಸಂಕುಚಿತವಾಗುವುದು. ಸಂಕೋಚಪಡಿಸುವ ಹಕ್ಕು ಸರಕಾರಕ್ಕಿಲ್ಲ, ಜನರಿಗುಂಟು ಎಂಬುದು ಆ ತೀರ್ಪಿನ ತಾತ್ಪರ್ಯ. ಮೇ ತಿಂಗಳಲ್ಲಿ ಜನಮತವನ್ನು ಕೇಳಿ, ಒಪ್ಪಿಗೆಯನ್ನು ಪಡೆದಮೇಲೆಯೇ, ಆ ಶಾಸನವು ಜುಲೈ ೧ರಿಂದ ಎಲ್ಲ ರಾಷ್ಟ್ರಗಳಲ್ಲಿಯೂ ಜಾರಿಗೆ ಬಂದಿತು.

ಈ ತೀರ್ಪು ಒಕ್ಕೂಟದ ಗುಟ್ಟನ್ನು ಹೊರಗೆಡಹಿದೆ. ಕೇಳುವ ವಿಧಿಯು ತೋರಿಕೆಗೆ ಹಗುರವಾದರೂ ಅದರ ಭಾರವು ಅಲ್ಪವಲ್ಲ. ಇತರರು ಏನೆಂದಾರು ಎಂಬ ವಿಚಾರವು ನಿರ್ಣಯಕ್ಕೆ ಮೊದಲೇ ಮನಸ್ಸಿನಲ್ಲಿ ಹೊಕ್ಕಮೇಲೆ ನಿರ್ಣಯವು ಹಿಂದಿನಂತೆಯೇ ಇರುವುದಿಲ್ಲ.

೪. ಒಡಕಿನ ಪ್ರಸಂಗಗಳು

ಕೇಳುವ ವಾಡಿಕೆಯನ್ನು ಮೀರಿದ ಕಡೆಗಳಲ್ಲಿ ಒಡಕು ಕಾಣಿಸಿಕೊಂಡಿತು. ೧೯೯೧ರಲ್ಲಿ ಯುಗೊಸ್ಲಾವಿಯವು ಒಡೆಯುತ್ತಿದ್ದಾಗ ಮಾನ್ಯತೆಯ ನಿಯಮಗಳನ್ನು ಕೂಡಿ ಗೊತ್ತುಮಾಡಿದ ಮಂತ್ರಿಗಳು ೧೯೯೨ರ ಜನವರಿ ೧೫ರವರೆಗೆ ಕಾಯುವುದೆಂದಿದ್ದರು. ಜರ್ಮನಿಯು ಡಿಸೆಂಬರ್ ೨೩ರಂದೇ ಸ್ಲೊವೇನಿಯ ಕ್ರೊಯೇಷಿಯಗಳನ್ನು ಮಾನ್ಯಮಾಡುವ ನಿರ್ಣಯವನ್ನು ಪ್ರಕಟಿಸಿಬಿಟ್ಟಿತು; ಉಳಿದವರು ಹಿಂಬಾಲಿಸಬೇಕಾಯಿತು. ಮುಂದಿನ ಬೋಸ್ನಿಯ ಯುದ್ಧವನ್ನು ನಿಲ್ಲಿಸಿದ ೧೯೯೫ರ ಡೇಟನ್ ಸಂಧಾನವನ್ನು ಮುಖ್ಯವಾಗಿ ಅಮೆರಿಕವು ನಡಸಿತು. ೨೦೦೩ರ ಜನವರಿ ೩೦ರಂದು ಇರಾಕಿನ ವಿಷಯದಲ್ಲಿ ಅಮೆರಿಕವನ್ನು ಬೆಂಬಲಿಸಿ ಎಂಟು ದೇಶಗಳ ನಾಯಕರು ಒಂದು ಪತ್ರವನ್ನು ಪ್ರಕಟಿಸಿದರು. ಅವುಗಳಲ್ಲಿ ಆಗ ಸದಸ್ಯರಾಗಿದ್ದವು ಬ್ರಿಟನ್, ಸ್ಪೇನ್, ಇಟಲಿ, ಪೋರ್ಚುಗಲ್, ಡೆನ್ಮಾರ್ಕ್ ಎಂಬ ಐದು. ಯುದ್ಧವನ್ನು ವಿರೋಧಿಸುತ್ತಿದ್ದ ಫ್ರಾನ್ಸು ಜರ್ಮನಿಗಳೂ ಸದಸ್ಯರೇ. ಒಂದೇ ವಾಕ್ಯದ ಪದಗಳು ಪರಸ್ಪರ ವಿರುದ್ಧವಾದ ಎರಡು ವಾಕ್ಯಗಳಾದವು.

ಇವು ದೊಡ್ಡ ರಾಷ್ಟ್ರಗಳ ಒಡಕುಗಳು. ಸಣ್ಣ ರಾಷ್ಟ್ರಗಳ ನಿಷೇಧವು ಬೇರೆ ಬಗೆಯದು. ೨೦೧೭ರ ಜೂನಿನಲ್ಲಿ ವಿಶ್ವಸಂಸ್ಥೆಯ ಮಾನವಹಕ್ಕು ಪರಿಷತ್ತಿನಲ್ಲಿ ಚೀನವನ್ನು ಕುರಿತು ಒಕ್ಕೂಟವು ಓದಬೇಕಾಗಿದ್ದ ಹೇಳಿಕೆಯನ್ನು ಗ್ರೀಸ್ ತಡೆಯಿತು. ೨೦೨೦ರಲ್ಲಿ ಬೆಲರೂಸಿನ ಅಧಿಕಾರಿಗಳ ಮೇಲೆ ನಿರ್ಬಂಧ ವಿಧಿಸುವ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ; ಆದರೂ ಟರ್ಕಿಯ ವಿಷಯದಲ್ಲಿ ತನ್ನ ಮೊರೆಯನ್ನು ಕೇಳಲಿಲ್ಲವೆಂದು ಸೈಪ್ರಸ್ ಅದನ್ನು ಅಕ್ಟೋಬರಿನ ಆರಂಭದವರೆಗೆ ನಿಲ್ಲಿಸಿತು. ಸಮ್ಮತಿಯನ್ನು ಒತ್ತೆಯಿಟ್ಟು ಬೇರೊಂದನ್ನು ಪಡೆಯುವ ಈ ಕ್ರಮವೇ ಸಂಘವೃತ್ತದವರು ಕಂಡ ಭೇದದ್ವಾರ. ಹೊರಗಿನವನು ಇಪ್ಪತ್ತೇಳು ಮಂದಿಯನ್ನು ಒಲಿಸಿಕೊಳ್ಳಬೇಕಾಗಿಲ್ಲ. ಒಬ್ಬನನ್ನು ಒಲಿಸಿಕೊಂಡರೆ ಸಾಕು.

ಮೂರನೆಯದು ಇತಿಹಾಸಭೇದದಿಂದ ಬರುವ ಒಡಕು. ೨೦೨೩ರ ಅಕ್ಟೋಬರ್ ೨೭ರಂದು ಗಾಜಾದ ಯುದ್ಧವನ್ನು ಕುರಿತು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತವೆಣಿಸಿದಾಗ ಒಕ್ಕೂಟದ ಎಂಟು ರಾಷ್ಟ್ರಗಳು ಪರವಾಗಿಯೂ, ನಾಲ್ಕು ವಿರುದ್ಧವಾಗಿಯೂ, ಹದಿನೈದು ತಟಸ್ಥವಾಗಿಯೂ ನಿಂತವು. ಇಲ್ಲಿ ಯಾರೂ ಯಾರನ್ನೂ ಕೊಂಡಿರಲಿಲ್ಲ. ಒಂದೊಂದು ಜನಾಂಗಕ್ಕೂ ತನ್ನ ಪೂರ್ವಚರಿತ್ರೆಯ ನೆನಪು ಬೇರೆಯಾಗಿತ್ತು.

೫. ಒಪ್ಪದೆಯೂ ತಡೆಯದಿರುವ ಮಾರ್ಗ

ಒಪ್ಪಿಗೆಗೂ ನಿಷೇಧಕ್ಕೂ ನಡುವೆ ಒಂದು ಮೂರನೆಯ ಮಾರ್ಗವನ್ನು ಆಮ್ಸ್ಟರ್‌ಡ್ಯಾಮ್ ಒಪ್ಪಂದವು ಕಲ್ಪಿಸಿತು. ಒಂದು ರಾಷ್ಟ್ರವು ತಾನು ತಟಸ್ಥವಾಗಿರುವೆನೆಂದು ವಿಧಿಪೂರ್ವಕವಾಗಿ ಹೇಳಿದರೆ ನಿರ್ಣಯವು ಒಕ್ಕೂಟದ್ದಾಗುವುದು. ಆದರೆ ಆ ರಾಷ್ಟ್ರವು ಅದನ್ನು ನಡಸಿಕೊಡಬೇಕಾಗಿಲ್ಲ, ಅದಕ್ಕೆ ಅಡ್ಡಬರುವಂತೆಯೂ ಇಲ್ಲ. ಹೀಗೆ ಹೇಳಿದವರು ರಾಷ್ಟ್ರಗಳಲ್ಲಿಯೂ ಜನಸಂಖ್ಯೆಯಲ್ಲಿಯೂ ಮೂರರಲ್ಲೊಂದು ಪಾಲಾದರೆ ಮಾತ್ರ ನಿರ್ಣಯವು ಬೀಳುವುದು. ಇದನ್ನು ರಚನಾತ್ಮಕ ತಟಸ್ಥತೆಯೆನ್ನುವರು.

ಕೊಸೊವೊ ಪ್ರಸಂಗದಲ್ಲಿ ಇದರ ಪ್ರಯೋಜನವು ತಿಳಿಯಿತು. ೨೦೦೮ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ಆ ದೇಶವನ್ನು ಸ್ಪೇನ್, ಗ್ರೀಸ್, ಸೈಪ್ರಸ್, ರುಮೇನಿಯ, ಸ್ಲೊವಾಕಿಯ ಎಂಬ ಐದು ರಾಷ್ಟ್ರಗಳು ಮಾನ್ಯಮಾಡಲಿಲ್ಲ. ಆದರೂ ಅಲ್ಲಿ ನ್ಯಾಯಪಾಲನೆಗೆ ನೆರವಾಗಲು ಒಕ್ಕೂಟವು ತನ್ನ ನಿಯೋಗವನ್ನು ಕಳುಹಿಸಿತು. ಸೈಪ್ರಸ್ ತಟಸ್ಥತೆಯ ವಿಧಿಯನ್ನು ಆಶ್ರಯಿಸಿ ಸುಮ್ಮನಾಯಿತು. ೨೦೨೨ರ ಫೆಬ್ರವರಿಯಲ್ಲಿ ರಷ್ಯಾವು ಉಕ್ರೇನಿನ ಮೇಲೆ ದಂಡೆತ್ತಿದ ನಾಲ್ಕೇ ದಿನಗಳಲ್ಲಿ, ೨೮ರಂದು, ಒಕ್ಕೂಟವು ೫೦ ಕೋಟಿ ಯೂರೋಗಳ ಸೈನಿಕ ಸಹಾಯಕ್ಕೆ ಒಪ್ಪಿತು. ತಟಸ್ಥನೀತಿಯ ಆಸ್ಟ್ರಿಯ, ಐರ್ಲೆಂಡು, ಮಾಲ್ಟಾಗಳು ಮಾರಕಾಯುಧಗಳ ಭಾಗದಲ್ಲಿ ಇದೇ ವಿಧಿಯಿಂದ ಹೊರಗುಳಿದವು, ತಡೆಯಲಿಲ್ಲ. ತಮ್ಮ ವ್ರತವನ್ನು ತಾವು ಕಾಪಾಡಿಕೊಂಡು ಸಂಘದ ಕಾರ್ಯಕ್ಕೂ ವಿಘ್ನವನ್ನುಂಟುಮಾಡಲಿಲ್ಲವೆಂಬುದು ಇಲ್ಲಿಯ ಸ್ವಾರಸ್ಯ.

ವಿಧಿಯಲ್ಲಿ ಹೇಳದ ಉಪಾಯವೂ ಒಮ್ಮೆ ಕಂಡಿತು. ೨೦೨೩ರ ಡಿಸೆಂಬರ್ ೧೪ರಂದು ಉಕ್ರೇನಿನ ಸದಸ್ಯತ್ವದ ಮಾತುಕತೆಯನ್ನು ಆರಂಭಿಸುವ ನಿರ್ಣಯವಾಗುತ್ತಿದ್ದಾಗ, ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಪ್ರಧಾನಮಂತ್ರಿ ಓರ್ಬಾನ್, ಜರ್ಮನಿಯ ಮುಖ್ಯಸ್ಥ ಶೋಲ್ಜರ ಸೂಚನೆಯಂತೆ ಎದ್ದು ಹೊರಗೆ ಹೋದರು. ಉಳಿದ ಇಪ್ಪತ್ತಾರು ಮಂದಿ ನಿರ್ಣಯವನ್ನು ಮಾಡಿದರು. ಅದೇ ಸಭೆಯಲ್ಲಿ ಓರ್ಬಾನ್ ತಡೆದ ೫,೦೦೦ ಕೋಟಿ ಯೂರೋಗಳ ನೆರವು ೨೦೨೪ರ ಫೆಬ್ರವರಿ ೧ರಂದು ಅವರ ಒಪ್ಪಿಗೆಯಿಂದಲೇ ಅಂಗೀಕೃತವಾಯಿತು. ಒಬ್ಬನ ಮುಖವನ್ನೂ ಎಲ್ಲರ ಕಾರ್ಯವನ್ನೂ ಉಳಿಸುವ ಇಂಥ ಉಪಾಯಗಳು ದಿನವೂ ಸಿಕ್ಕುವುವಲ್ಲ.

೬. ಬಹುಮತದ ಪ್ರಶ್ನೆ

ಇಲ್ಲಿ ಪೂರ್ವಪಕ್ಷವು ಹೀಗಿದೆ. ಸರ್ವಾನುಮತದ ನಿಯಮವೇ ಸಕಲ ದೋಷಗಳಿಗೂ ಮೂಲ. ಅದನ್ನು ತೆಗೆದು ಬಹುಮತವನ್ನು ಸ್ಥಾಪಿಸಿದರೆ ಭೇದದ್ವಾರವು ಮುಚ್ಚುವುದು. ಒಕ್ಕೂಟದ ಇತರ ವ್ಯವಹಾರಗಳಲ್ಲಿ ಇಪ್ಪತ್ತೇಳರಲ್ಲಿ ಹದಿನೈದು ರಾಷ್ಟ್ರಗಳೂ ಜನಸಂಖ್ಯೆಯಲ್ಲಿ ನೂರಕ್ಕೆ ೬೫ ಪಾಲೂ ಸೇರಿದರೆ ಸಾಕಾಗಿದೆ. ಪರರಾಷ್ಟ್ರನೀತಿಗೆ ಮಾತ್ರ ಏಕೆ ಬೇರೆ ನ್ಯಾಯ? ಸೈನ್ಯದ ವಿಷಯವೊಂದನ್ನು ಬಿಟ್ಟು ಉಳಿದವುಗಳಿಗೆ ಬಹುಮತವನ್ನು ವಿಸ್ತರಿಸಲು ಲಿಸ್ಬನ್ ಒಪ್ಪಂದವೇ ದಾರಿಯನ್ನು ತೆರೆದಿಟ್ಟಿದೆ. ೨೦೨೩ರ ಮೇ ತಿಂಗಳಲ್ಲಿ ಜರ್ಮನಿ ಫ್ರಾನ್ಸು ಮೊದಲಾದ ಒಂಬತ್ತು ರಾಷ್ಟ್ರಗಳು ಇದಕ್ಕಾಗಿಯೇ ಒಂದು ಗುಂಪನ್ನು ಕಟ್ಟಿದವು.

ಈ ವಾದದಲ್ಲಿ ಬಲವಿದೆ. ಆದರೆ ಅದು ನಿರ್ಣಯವನ್ನು ಕಾಣುವಷ್ಟು ನಿರ್ವಹಣೆಯನ್ನು ಕಾಣುವುದಿಲ್ಲ. ದಂಡು, ಕೋಶ, ರಾಯಭಾರ ಇವುಗಳಲ್ಲಿ ಬಹುಭಾಗವು ಇಂದಿಗೂ ಆಯಾ ರಾಷ್ಟ್ರಗಳ ಕೈಯಲ್ಲಿಯೇ ಇದೆ. ಬಹುಮತದಲ್ಲಿ ಸೋತವನ ಸಹಾಯವಿಲ್ಲದೆ ಗೆದ್ದವನ ನಿರ್ಣಯವು ಎಷ್ಟು ದೂರ ನಡೆಯಬಲ್ಲದು? ೨೦೧೫ರ ಸೆಪ್ಟೆಂಬರಿನಲ್ಲಿ ೧,೨೦,೦೦೦ ನಿರಾಶ್ರಿತರನ್ನು ಹಂಚಿಕೊಳ್ಳುವ ನಿರ್ಣಯವನ್ನು ಚೆಕ್, ಹಂಗೆರಿ, ರುಮೇನಿಯ, ಸ್ಲೊವಾಕಿಯಗಳ ವಿರೋಧವನ್ನು ಲೆಕ್ಕಿಸದೆ ಬಹುಮತದಿಂದ ಮಾಡಲಾಯಿತು. ಹಂಗೆರಿ ಸ್ಲೊವಾಕಿಯಗಳು ಒಕ್ಕೂಟದ ನ್ಯಾಯಸ್ಥಾನಕ್ಕೆ ಹೋಗಿ ೨೦೧೭ರಲ್ಲಿ ಸೋತವು. ಪೋಲೆಂಡ್, ಹಂಗೆರಿ, ಚೆಕ್ ದೇಶಗಳು ಕರ್ತವ್ಯಲೋಪ ಮಾಡಿದವೆಂದು ೨೦೨೦ರಲ್ಲಿ ಮತ್ತೊಂದು ತೀರ್ಪಾಯಿತು. ಎಲ್ಲ ತೀರ್ಪುಗಳೂ ಬಹುಮತದ ಕಡೆಗೇ ಆದವು. ನಿರಾಶ್ರಿತರು ಮಾತ್ರ ಗೊತ್ತಾದಷ್ಟು ಸಂಖ್ಯೆಯಲ್ಲಿ ಎಂದಿಗೂ ಹಂಚಿಕೆಯಾಗಲಿಲ್ಲ. ಅದು ಪರರಾಷ್ಟ್ರನೀತಿಯಲ್ಲದಿದ್ದರೂ ಅದರ ಪಾಠವು ಇಲ್ಲಿಗೂ ಸಲ್ಲುವುದು. ಮನಸ್ಸಿಲ್ಲದವನಿಂದ ತೀರ್ಪು ಬರೆಯಿಸಿಕೊಳ್ಳಬಹುದು, ಕೆಲಸವನ್ನು ಮಾಡಿಸಲಾಗದು.

ಹಾಗೆಂದು ಸರ್ವಾನುಮತವು ನಿರ್ದೋಷವೆಂದು ಹೇಳಿದಂತಾಗುವುದಿಲ್ಲ. ಸೈಪ್ರಸ್ಸಿನ ನಿಷೇಧಕ್ಕೂ ಐರ್ಲೆಂಡಿನ ತಟಸ್ಥತೆಗೂ ಇರುವ ಅಂತರವನ್ನು ಗಮನಿಸಬೇಕು. ಒಂದು, ವಿಷಯಕ್ಕೆ ಸಂಬಂಧವಿಲ್ಲದ ಕಾರಣದಿಂದ ಎಲ್ಲರನ್ನೂ ನಿಲ್ಲಿಸಿದ್ದು. ಇನ್ನೊಂದು, ವಿಷಯಕ್ಕೆ ಸಂಬಂಧಪಟ್ಟ ಕಾರಣದಿಂದ ತಾನು ಮಾತ್ರ ನಿಂತದ್ದು. ಮೊದಲನೆಯದನ್ನು ಕಡಮೆಮಾಡಿ ಎರಡನೆಯದಕ್ಕೆ ಎಡೆಮಾಡಿಕೊಡುವ ಕ್ರಮವು ಯಾವುದೋ ಅದೇ ಗ್ರಾಹ್ಯ. ನಿಷೇಧಿಸುವವನು ಪ್ರಕೃತ ವಿಷಯದಿಂದಲೇ ಹುಟ್ಟಿದ ಕಾರಣವನ್ನು ಎಲ್ಲರೆದುರಿಗೆ ಹೇಳಬೇಕೆಂಬ ವಾಡಿಕೆಯು ಬಲವಾದಷ್ಟೂ, ಒಪ್ಪಲಾರದವನು ತಟಸ್ಥತೆಯನ್ನು ಆಶ್ರಯಿಸುವುದು ಮರ್ಯಾದೆಯೆನಿಸಿದಷ್ಟೂ, ಮತವೆಣಿಸುವ ಆವಶ್ಯಕತೆಯು ಕಡಮೆಯಾಗುತ್ತ ಬರುವುದು.

ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ಐರೋಪ್ಯ ಒಕ್ಕೂಟದ ಏಕವಾಕ್ಯತೆಯು ವ್ಯಾಪಾರದಲ್ಲಿ ಸಹಜವಾಗಿ ಬಂದಿತು. ಏಕೆಂದರೆ ಅಲ್ಲಿ ಬೇರ್ಪಟ್ಟ ರಾಷ್ಟ್ರವು ಅಪೂರ್ಣವಾಗುವುದು. ಪರರಾಷ್ಟ್ರನೀತಿಯಲ್ಲಿ ಅದು ಆಗಾಗ್ಗೆ ಬಂದು ಆಗಾಗ್ಗೆ ಹೋಗಿದೆ. ಏಕೆಂದರೆ ಅಲ್ಲಿ ತಾನೊಬ್ಬನೇ ಪೂರ್ಣನೆಂಬ ಭಾವನೆಯು ಒಂದೊಂದು ರಾಷ್ಟ್ರಕ್ಕೂ ಒಂದೊಂದು ಸಮಯದಲ್ಲಿ ಮೂಡುತ್ತದೆ. ೧೯೯೧ರಲ್ಲಿ ಜರ್ಮನಿಗೆ, ೨೦೦೩ರಲ್ಲಿ ಬ್ರಿಟನ್ನಿಗೂ ಫ್ರಾನ್ಸಿಗೂ ಅದು ಮೂಡಿತ್ತು. ೨೦೨೨ರ ಫೆಬ್ರವರಿಯಲ್ಲಿ ಯಾರಿಗೂ ಮೂಡಲಿಲ್ಲ. ನಾಲ್ಕು ದಿನಗಳಲ್ಲಿ ಹಿಂದೆಂದೂ ಮಾಡದ ನಿರ್ಣಯವನ್ನು ಅದೇ ಸರ್ವಾನುಮತದ ನಿಯಮದಡಿಯಲ್ಲಿಯೇ ಮಾಡಿದರು. ನಿಯಮವು ಬದಲಾಗಿರಲಿಲ್ಲ, ಆಕಾಂಕ್ಷೆಯು ಬದಲಾಗಿತ್ತು.

ಮತದಾನದ ವಿಧಿಯು ಆಕಾಂಕ್ಷೆಯನ್ನು ಅಳೆಯಬಲ್ಲದು, ಹುಟ್ಟಿಸಲಾರದು. ಅದನ್ನು ಹುಟ್ಟಿಸುವುದು ಒಂದು ಕಡೆ ಹೊರಗಿನ ಭಯ, ಇನ್ನೊಂದು ಕಡೆ ದಿನದಿನದ ವಿಚಾರವಿನಿಮಯ. ಭಯವು ಬಂದು ಹೋಗುವುದು. ವಾರಕ್ಕೆರಡು ಸಲ ಒಂದೇ ಮೇಜಿನ ಸುತ್ತ ಕುಳಿತು, ಒಬ್ಬರ ಕರಡನ್ನು ಒಬ್ಬರು ತಿದ್ದುವ ವಾಡಿಕೆಯಾದರೋ ೧೯೭೦ರಿಂದ ಇಂದಿನವರೆಗೆ ಎಷ್ಟೋ ಒಡಕುಗಳನ್ನು ದಾಟಿ ಉಳಿದುಬಂದಿದೆ. ಭೇದವನ್ನು ಹುಡುಕುವ ಪರರಿಗೆ ಎದುರಾಗಿ ಆ ಸಂಘಕ್ಕೆ ಇರುವ ಕೋಟೆಯೆಂದರೆ ಆ ವಾಡಿಕೆಯೇ.